ಕೀಳಬಾರದ ಹಲ್ಲು

ಕಡಬದ ಗಂಗಲಕ್ಷ್ಮಮ್ಮನಿಗೆ ಬಾಯಿ ಕ್ಯಾನ್ಸರ್ ಬಂದು, ಬೆಂಗಳೂರಿನಲ್ಲಿ ಕರೆಂಟ್ ಕೊಡಿಸಿಕೊಂಡು ವರ್ಷದ ಮೇಲಾಗಿತ್ತು. ಊರಿನ ಬಾಯಲ್ಲಿ ರೇಡಿಯೇಶನ್ನಿಗೆ ಕರೆಂಟ್ ಅಂತಲೇ ಹೆಸರು. ಗಡ್ಡೆಯೇನೋ ಕರಗಿತು. ಆದರೆ ಬಾಯೆಲ್ಲ ಬೆಂದು, ಎಂಜಲು ಬತ್ತಿ, ಹಲ್ಲುಗಳು ಹುಳುಕು ಹಿಡಿದವು. ಈಗ ಎಡಗಡೆಯ ದವಡೆ ಹಲ್ಲಿನ ಬುಡದಲ್ಲಿ ಕೀವು.

"ಕಿತ್ತಾಕ್ಬುಡವ್ವ," ಎಂದಳು, ತುಮಕೂರಿನ ದಂತವೈದ್ಯೆ ತೇಜಸ್ವಿನಿಗೆ.

"ಕೀಳೋ ಹಾಗಿಲ್ಲಮ್ಮ. ಕರೆಂಟ್ ಬಿದ್ದಿರೋ ದವಡೆ ಇದು. ಕಿತ್ರೆ ಗಾಯ ಮಾಯಲ್ಲ, ಮೂಳೆನೇ ಕೊಳೀಬಹುದು. ರೂಟ್ ಕೆನಾಲ್ ಮಾಡಿ ಉಳಿಸ್ಕೋಬೇಕು."

ಎರಡು ಸಲ ಬೇರಿನೊಳಗೆ ತೊಳೆದು ಔಷಧಿ ಇಟ್ಟರೂ ಕೀವು ನಿಲ್ಲಲಿಲ್ಲ. ಮುಂದಿನ ಸಲ ತೇಜಸ್ವಿನಿ, "ಬೇರೊಳಗೆ ಬೆಳಕು ಬಿಟ್ಟು ನೋಡೋಣ," ಎಂದಾಗ ಗಂಗಲಕ್ಷ್ಮಮ್ಮ ಕುರ್ಚಿಯಿಂದ ಎದ್ದೇಬಿಟ್ಟಳು.

"ಇನ್ನೊಂದ್ ದಪ ಕರೆಂಟಾ? ಸತ್ರೂ ಬ್ಯಾಡ."

"ಇದು ಅದಲ್ಲಮ್ಮ. ನೀಲಿ ಔಷಧಿ ಬಿಡ್ತೀನಿ, ಅದು ಕ್ರಿಮಿಗಳಿಗೆ ಅಂಟ್ಕೊಳುತ್ತೆ. ಆಮೇಲೆ ಈ ಕೆಂಪು ಬೆಳಕು ಬಿದ್ರೆ ಅವು ಸಾಯ್ತವೆ, ಅಷ್ಟೇ." ಕಡ್ಡಿಯಷ್ಟು ಸಣ್ಣ ತುದಿಯ ಬೆಳಕನ್ನು ತನ್ನ ಅಂಗೈ ಮೇಲೆ ಬಿಟ್ಟುಕೊಂಡು, ಆಮೇಲೆ ಪಕ್ಕದಲ್ಲಿ ನಿಂತಿದ್ದ ಗಂಗಲಕ್ಷ್ಮಮ್ಮನ ಗಂಡ ಶಿವರಾಮಯ್ಯನ ಅಂಗೈಗೂ ಬಿಟ್ಟಳು.

"ಸುಡ್ತೈತಾ?" ಗಂಗಲಕ್ಷ್ಮಮ್ಮ ಗಂಡನ ಮುಖವನ್ನೇ ನೋಡಿದಳು.

"ಇಲ್ಲ ಕಣೇ. ಏನೂ ಗೊತ್ತಾಗಕಿಲ್ಲ."

ಬೆಳಕು ಬಿಟ್ಟಿದ್ದು ಸ್ವಲ್ಪ ಹೊತ್ತು ಮಾತ್ರ. ಅಷ್ಟು ಹೊತ್ತೂ ಅವಳು ಗಂಡನ ಕೈಯನ್ನು ಉಗುರೂರುವಂತೆ ಹಿಡಿದಿದ್ದಳು.

ಕೀವು ನಿಂತಿತು, ನೋವೂ ಇಳಿಯಿತು. ಹಲ್ಲಿಗೆ ಕ್ಯಾಪ್ ಹಾಕಿಸಲು ಬಂದ ದಿನ ದವಡೆಯ ಕೆಳಗೆ ಮುಟ್ಟಿ ನೋಡುತ್ತಿದ್ದ ತೇಜಸ್ವಿನಿಯ ಬೆರಳು ಗಂಗಲಕ್ಷ್ಮಮ್ಮನ ಕತ್ತಿನ ಮೇಲೆ ಒಂದು ಕಡೆ ನಿಂತಿತು. ಅಲ್ಲಿ ಗಟ್ಟಿಯಾದ ಗಂಟು.

"ಇದು ಯಾವಾಗಿಂದಮ್ಮ?"

"ದೀಪಾವಳಿಗೂ ಮುಂಚ್ಲಿಂದ."

"ನಂಗೊಂದ್ ಮಾತು ಹೇಳ್ಬಾರ್ದಿತ್ತೇನೇ?" ಶಿವರಾಮಯ್ಯ ಕೇಳಿದ.

"ಹೇಳಿದ್ರೆ ಆ ಕರೆಂಟಿನ ರೂಮಿಗೆ ನೂಕ್ತಿದ್ರಿ. ಹಲ್ಲುನೋವು ತಡಿಯಕಾಗ್ನಿಲ್ಲ, ಅದ್ಕೆ ಇಲ್ಲಿಗೆ ಬಂದೆ."

ಕ್ಯಾನ್ಸರ್ ಮತ್ತೆ ಬಂದಿರಬಹುದು, ತಡಮಾಡದೆ ಬೆಂಗಳೂರಿಗೆ ಹೋಗಿ ಎಂದು ತೇಜಸ್ವಿನಿ ಬಿಡಿಸಿ ಹೇಳಿದಳು. ಬಸ್ ಸ್ಟ್ಯಾಂಡಿನಲ್ಲಿ ಶಿವರಾಮಯ್ಯ ಬೇಡಿಕೊಂಡ. ಅವಳು ಕುಣಿಗಲ್ ಬಸ್ಸಿನ ಕಡೆ ನಡೆದಳು. "ತಂಗಿ ಮನೇಲಿ ನಾಕ್ ದಿನ ಇದ್ದು ಬರನ. ನೋವಿಲ್ದಾಗ್ಲೇ."

ಬೆಂಗಳೂರಿಗೆ ಅವಳು ಹೋಗಲೇ ಇಲ್ಲ. ಕುಣಿಗಲ್ಲಿನಲ್ಲಿ ತಂಗಿ ಮಾಡಿದ ಅವರೆಕಾಳಿನ ಸಾರನ್ನು, ಕಾಳೆಲ್ಲ ಎರಡೂ ದವಡೆಯಲ್ಲಿ ಅಗಿದು, ಇನ್ನೊಂದಿಷ್ಟು ಹಾಕಿಸಿಕೊಂಡು ಉಂಡಳು. ಪಕ್ಕದಲ್ಲಿ ಕೂತ ಶಿವರಾಮಯ್ಯ ತನ್ನ ತಟ್ಟೆಯನ್ನು ಆಚೆ ಸರಿಸಿದ. ಅವಳ ಕತ್ತಿನ ಕಡೆ ನೋಡಬಾರದೆಂದುಕೊಂಡರೂ, ಅವನ ಕಣ್ಣು ಅಲ್ಲಿಗೇ ಹೋಗುತ್ತಿತ್ತು.