ಗಂಗಕ್ಕನ ತೋಳಿಗೆ ಕಟ್ಟದ ಪಟ್ಟಿ

ಪುತ್ತಿಗೆಯ ಈಶ್ವರಪ್ರಸಾದರ ಮನೆಗೆ ಬಿ.ಪಿ. ನೋಡುವ ಮೆಶಿನ್ ಬಂದು ವರ್ಷಗಳಾದವು. ಬೆಳಿಗ್ಗೆ ಅವರು ತೋಳಿಗೆ ಪಟ್ಟಿ ಸುತ್ತಿ ಕೂತರೆ ಮನೆಯಲ್ಲಿ ಮಿಕ್ಸಿ ಸಹ ತಿರುಗಬಾರದು. ಅವರಿಗೆ ಉಪ್ಪು ಕಡಿಮೆ ಹಾಕಿದ ಸಾರು, ಹೊತ್ತಿಗೆ ಸರಿಯಾಗಿ ಮಾತ್ರೆ. ಎಲ್ಲವನ್ನೂ ನೋಡಿಕೊಳ್ಳುವವರು ಹೆಂಡತಿ ಗಂಗಾ.

ನಾನು ಪಕ್ಕದ ಮನೆಯ ಜೆಸ್ಸಿ, ನರ್ಸ್ ಆಗಿ ನಿವೃತ್ತಳಾದವಳು. ಮೊನ್ನೆ ಹೋದಾಗ ಗಂಗಕ್ಕ ತೆಂಗಿನಕಾಯಿ ತುರಿಯುತ್ತಿದ್ದವರು ಕಣ್ಣು ಮಂಜಾಗುತ್ತದೆ ಎಂದರು.

"ಪ್ರೆಶರ್ ನೋಡಿದ್ದೀರಾ?"

"ನನಗೆಂತ ಪ್ರೆಶರ್? ತಲೆನೋವು ಸಹ ಇಲ್ಲ."

"ಮನೆಯಲ್ಲೇ ಮೆಶಿನ್ ಉಂಟಲ್ಲ?"

ಉತ್ತರ ಜಗಲಿಯಲ್ಲಿದ್ದ ಈಶ್ವರಣ್ಣನಿಂದ ಬಂತು. "ಅದರಲ್ಲಿ ನನ್ನ ಲೆಕ್ಕ ಸೇವ್ ಆಗಿ ಉಂಟು ಸಿಸ್ಟರ್. ಅವಳದ್ದೂ ಸೇರಿದರೆ ಡಾಕ್ಟರಿಗೆ ತೋರಿಸುವಾಗ ಯಾರದ್ದು ಯಾವುದೂಂತ ಗೊತ್ತಾಗ್ಲಿಕ್ಕಿಲ್ಲ."

ನನಗೆ ಮೈಯೆಲ್ಲ ಉರಿಯಿತು. ಹೆಂಡತಿಯ ಜೀವಕ್ಕಿಂತ ಮೆಶಿನ್ನಿನ ಲೆಕ್ಕ ದೊಡ್ಡದಾಯಿತೇ? ಗಂಗಕ್ಕನನ್ನು ಕುರ್ಚಿಯಲ್ಲಿ ಒರಗಿಸಿ ಕೂರಿಸಿ, ಸ್ವಲ್ಪ ಹೊತ್ತು ಸುಮ್ಮನಿರಲು ಹೇಳಿ ಪಟ್ಟಿ ಕಟ್ಟಿದೆ. ಮೇಲಿನದ್ದು ನೂರ ಎಂಬತ್ತೆಂಟು, ಕೆಳಗಿನದ್ದು ನೂರ ಹನ್ನೆರಡು. ತುಸು ಬಿಟ್ಟು ಇನ್ನೊಮ್ಮೆ ನೋಡಿದರೂ ಹೆಚ್ಚು ಕಡಿಮೆ ಅಷ್ಟೇ.

ಈಶ್ವರಣ್ಣ ಗಾಬರಿಯಿಂದ ಜಗಲಿಯಿಂದ ಎದ್ದು ಬಂದರು. ಒಳಗೆ ಹೋಗಿ ತಮ್ಮ ಮಾತ್ರೆಯನ್ನೇ ಅರ್ಧ ಮಾಡಿ ತಂದರು. "ಇದು ಸಾಕಲ್ಲ?"

"ಅದು ನಿಮ್ಮನ್ನು ಪರೀಕ್ಷೆ ಮಾಡಿ ಕೊಟ್ಟದ್ದು. ಇವರಿಗೆ ಕೊಡ್ಬೇಡಿ."

"ಆದರೆ ಇವಳಿಗೆ ಒಂದು ತಲೆನೋವೂ ಇರ್ಲಿಲ್ಲವಲ್ಲ."

"ತೆಂಗಿಗೆ ನೀರು ಬಿಡುವ ಪೈಪು ಒತ್ತಡ ಹೆಚ್ಚಾಯ್ತೂಂತ ನಿಮಗೆ ಹೇಳ್ತದಾ? ಒಂದು ದಿನ ಜಾಯಿಂಟು ಬಿಡ್ತದೆ. ಹೃದಯ ರಕ್ತವನ್ನು ದೂಡುವಾಗ ನಾಳದ ಗೋಡೆಗೆ ಬೀಳುವ ಒತ್ತಡ ಮೇಲಿನ ಸಂಖ್ಯೆ. ಹೃದಯ ಸಡಿಲ ಬಿಟ್ಟಾಗ ಉಳಿಯುವುದು ಕೆಳಗಿನದ್ದು. ಯಾವುದು ಏರಿಯೇ ಇದ್ದರೂ ಮೆದುಳು, ಹೃದಯ, ಕಿಡ್ನಿ, ಕಣ್ಣು ಹಾಳಾಗ್ತದೆ. ಈಗಲೇ ಡಾಕ್ಟರ ಹತ್ತಿರ ಹೋಗುವ."

"ಅನ್ನಕ್ಕೆ ಇಟ್ಟಿದ್ದೇನೆ, ನಾಳೆ ಹೋದರಾಯ್ತು," ಎಂದರು ಗಂಗಕ್ಕ.

ಈಶ್ವರಣ್ಣ ತಾವೇ ಹೋಗಿ ಗ್ಯಾಸ್ ಆರಿಸಿದರು. "ಅನ್ನ ಹಾಗಿರಲಿ. ಹೊರಡು," ಎಂದು ರಿಕ್ಷಾಕ್ಕೆ ಫೋನ್ ಮಾಡಿದರು.

ಗಂಗಕ್ಕನಿಗೆ ಈಗ ಡಾಕ್ಟರು ಪರೀಕ್ಷೆ ಮಾಡಿ ಕೊಟ್ಟ ಬೇರೆ ಮಾತ್ರೆ ಇದೆ. ಆದರೆ ಕಣ್ಣಿಗೆ ಆಗಲೇ ಪೆಟ್ಟು ಬಿದ್ದಿದೆ. ಅದು ಎಷ್ಟು ಸರಿಯಾಗುತ್ತದೆ ಎಂದು ಡಾಕ್ಟರೂ ಹೇಳಲಾರರು. ಇದನ್ನು ನೆನೆದರೆ ನನಗೆ ಇನ್ನೂ ಸಿಟ್ಟು ಬರುತ್ತದೆ.

ಓದುವವರೇ, ಬೇಸರವಾದರೂ ಹೇಳುತ್ತೇನೆ. ತಲೆನೋವು ಬರಲೆಂದು ಕಾಯಬೇಡಿ. ಮೂವತ್ತು ದಾಟಿದವರೆಲ್ಲ ಹತ್ತಿರದ ಕುಟುಂಬ ಆರೋಗ್ಯ ಕೇಂದ್ರದಲ್ಲಿ ಬಿ.ಪಿ. ನೋಡಿಸಿ. ಒಬ್ಬರ ಮಾತ್ರೆ ಇನ್ನೊಬ್ಬರಿಗೆ ಬೇಡ. ಸಂಖ್ಯೆ ಇಳಿಯಿತೆಂದು ಡಾಕ್ಟರನ್ನು ಕೇಳದೆ ಮಾತ್ರೆ ನಿಲ್ಲಿಸಲೂಬೇಡಿ. ನಿಮ್ಮ ಮನೆಯ ಹೆಂಗಸಿನ ಬಿ.ಪಿ. ಎಷ್ಟೆಂದು ನಿಮಗೆ ಗೊತ್ತೇ? ಗೊತ್ತಿಲ್ಲವಾದರೆ ಈ ಕರಪತ್ರ ಕೆಳಗಿಡಿ. ಅಡಿಗೆಮನೆಗೆ ಹೋಗಿ, ಮೊದಲು ಅವರಿಗೆ ಕೂತುಕೊಳ್ಳಲು ಹೇಳಿ.