ಅಳುವ ಮುಖವನ್ನು ಯಾರೂ ಒತ್ತದ ವಾರ್ಡು

ಬೇಸಿಗೆ ಆಗತಾನೇ ಬಲಿತಿತ್ತು, ಮಧ್ಯಾಹ್ನ ಎರಡರ ಹೊತ್ತು. ನನ್ನ ತಮ್ಮ ಮಂಚದಿಂದೆದ್ದು ನನ್ನ ಬಾಯಿಗೆ ಗುದ್ದಿದ. ಮುಂದಿನ ಎರಡು ಹಲ್ಲು ಅಂಗೈಗೆ ಬಂದವು.

ಹಳೆ ಕಟ್ಟಡ ಒಡೆಯುವುದು ಅವನ ಕಸುಬು. ಮೂವತ್ತು ವರ್ಷ ಸುತ್ತಿಗೆ ಬೀಸಿದವನು. ಎಲ್ಲರಿಗೂ ಅವನು ಹೋರಿ. ಕ್ಯಾನ್ಸರ್ ಎಲುಬಿಗೆಲ್ಲ ಹಬ್ಬಿದ ಮೇಲೆ, ವಾಸಿಯ ಮಾತು ಬಿಟ್ಟು ನೋವು ತಗ್ಗಿಸಿ ನೆಮ್ಮದಿಯಾಗಿ ಕಳಿಸಿಕೊಡುವ ಆಸ್ಪತ್ರೆಗೆ ಸೇರಿಸಿದ್ದೆ. ಅಲ್ಲಿ ಪ್ರತಿ ಮಂಚಕ್ಕೂ ಒಂದು ಟ್ಯಾಬ್. ನಾಲ್ಕು ಗಂಟೆಗೊಮ್ಮೆ ಅದರಲ್ಲಿ ಆರು ಮುಖ ಮೂಡುತ್ತಿದ್ದವು, ನಗುವುದರಿಂದ ಹಿಡಿದು ಅಳುವುದರವರೆಗೆ. ನೋವು ಎಷ್ಟಿದೆಯೋ ಆ ಮುಖ ಒತ್ತಬೇಕು. ಅದನ್ನು ನೋಡಿ ಮಾರ್ಫಿನ್ ಏರಿಸಬೇಕೋ ಇಳಿಸಬೇಕೋ ಎಂದು ಸಾಫ್ಟ್‌ವೇರ್ ಸಿಸ್ಟರಿಗೆ ಹೇಳುತ್ತಿತ್ತು. ಅಕ್ಷರ ಕೂಡಿಸಿ ಓದುವ ನನ್ನಂಥವನಿಗೂ ತಿಳಿಯುವ ಹಾಗಿತ್ತು.

ವಾರ್ಡಿನಲ್ಲಿ ಮಾತ್ರ ಬೇರೆಯೇ ಕಟ್ಟಳೆ. ಅಳುವ ಮುಖ ಒತ್ತಿದವರನ್ನು ಹತ್ತಿರದಿಂದ ನೋಡಿಕೊಳ್ಳಲು ಮೂಲೆಯ ಕೋಣೆಗೆ ಒಯ್ಯುತ್ತಿದ್ದರು. ಹೋದವರು ತಿರುಗಿ ಬಂದದ್ದನ್ನು ಯಾರೂ ಕಂಡಿರಲಿಲ್ಲ. ಪಕ್ಕದ ಮಂಚದಲ್ಲಿದ್ದ ರೋಗಿ, ಹಳೆಯ ಮೇಷ್ಟ್ರು, ಮೊದಲ ದಿನವೇ ಪಾಠ ಹೇಳಿದ್ದರು: "ಅಳೋದು ಒತ್ತಿದ್ಯೋ, ಟಿಕೆಟ್ ಹರಿದ್ರು ಅಂತ ತಿಳ್ಕೋ ಹೋರಿ. ನಗೋದನ್ನೇ ಒತ್ತು."

ತಮ್ಮ ಐದು ದಿನ ಹಲ್ಲು ಕಚ್ಚಿ ನಗುವುದನ್ನೇ ಒತ್ತಿದ. ಅವನಿಂದ ಆಗದಿದ್ದಾಗ ನಾನು ಒತ್ತಿದೆ. ಔಷಧ ಇಳಿಯುತ್ತಾ ಬಂತು.

ಆ ಮಧ್ಯಾಹ್ನ ನೋವು ಕಟ್ಟೆಯೊಡೆಯಿತು. ನನ್ನನ್ನು ಕೆಡವಿದವನು ಮೇಷ್ಟ್ರ ಕುತ್ತಿಗೆ ಹಿಡಿದು, ತಲೆಯನ್ನು ಮಂಚದ ಕಬ್ಬಿಣಕ್ಕೆ ಮೂರು ಸಲ ಬಡಿದ. ಬಿಡಿಸಲು ಬಂದ ಸಿಸ್ಟರ್ ಕೈಯನ್ನು ತಿರುಚಿದ. ಒಣಪುಳ್ಳೆ ಮುರಿದಂತೆ ಸದ್ದಾಯಿತು. ನಾಲ್ವರು ಮೇಲೆ ಬಿದ್ದು, ಅವನ ಎದೆಗೆ ಮೊಣಕಾಲೂರಿ, ಕೈಕಾಲು ಪಟ್ಟಿಯಿಂದ ಬಿಗಿದರು. ಅವನು ತನ್ನ ನಾಲಿಗೆಯನ್ನೇ ಕಚ್ಚಿಕೊಂಡಿದ್ದ.

ಡಾಕ್ಟರು ಟ್ಯಾಬ್ ನೋಡಿ, ಇವನಿಗೆ ನೋವೇ ಇಲ್ಲ, ತಲೆ ಕೆಟ್ಟಿದೆ, ಸಂಜೆಯೊಳಗೆ ಹುಚ್ಚರ ಆಸ್ಪತ್ರೆಗೆ ಸಾಗಿಸಿ ಎಂದರು. ಅಲ್ಲಿಗೆ ಹೋದರೆ ಕಟ್ಟಿಹಾಕಿದ ಹಾಗೆಯೇ ನರಳಿ ಸಾಯುತ್ತಾನೆ. ನಿಜ ಹೇಳಿದರೆ ಮೂಲೆಯ ಕೋಣೆ. ಬಾಯಿಯ ರಕ್ತ ನುಂಗಿಕೊಂಡೆ.

"ಸುಳ್ಳು ಒತ್ತಿದ್ದು ನಾವು, ಡಾಕ್ಟ್ರೇ. ಇವನಿಗೆ ಮೊದಲಿಂದ್ಲೂ ಪ್ರಾಣ ಹೋಗೋ ನೋವು."

"ಕೊಂದ್ಬಿಟ್ಟೆಯಲ್ಲ, ಅಣ್ಣ," ಎಂದು ತಮ್ಮ ನನ್ನ ಮುಖಕ್ಕೆ ಉಗಿದ. ಉಗುಳೆಲ್ಲ ರಕ್ತ. ಒರೆಸಿಕೊಳ್ಳದೆ ಅಳುವ ಮುಖ ಒತ್ತಿದೆ.

ಔಷಧ ಏರಿತು. ಪಟ್ಟಿ ಬಿಚ್ಚಿದರು. ಮೂಲೆಯ ಕೋಣೆಯಲ್ಲಿ ಎರಡು ದಿನ ಗೊರಕೆ ಹೊಡೆದು ಮಲಗಿದ. ಎಚ್ಚರವಾದಾಗ ಊದಿದ ನನ್ನ ತುಟಿ ಕಂಡು, ಯಾರು ಹೊಡೆದದ್ದು ಎಂದು ಕೇಳಿದ. ಬಾಗಿಲು ತಾಗಿತು ಎಂದೆ.

"ಯಾವ ಬಾಗಿಲು ತೋರ್ಸು. ನಾಳೆ ಚೌಕಟ್ಟು ಸಮೇತ ಕೀಳ್ತೀನಿ," ಎಂದು ನನ್ನ ಕೈ ಹಿಡಿದುಕೊಂಡ. ಹಿಡಿತ ಮೆತ್ತಗಿತ್ತು.

ಮೇಷ್ಟ್ರು ಶುಕ್ರವಾರ ಹೋದರು. ತಲೆಯ ಗಾಯಕ್ಕೋ ಅವರ ರೋಗಕ್ಕೋ, ಯಾರೂ ಹೇಳಲಿಲ್ಲ. ತಮ್ಮನಿಗೆ ನಾನು ತಿಳಿಸಲೂ ಇಲ್ಲ. ಅವನು ಭಾನುವಾರ ಹೋದ.