ಟಿಂಟು ಹಾಕಿದ ಚಿಲಕ

"ಗಂಡನ ಮಗ್ಗುಲು ಬಿಟ್ಟೇಳಾಕೆ ಇಷ್ಟೊತ್ತು ಬೇಕೇನೇ ಲೌಡಿ? ನೀನ್ ಬರೋಗಂಟ ಸಿಗಡಿ ಕೊಳೀದೆ ಕಾಯ್ತಾ ಕೂತಿರ್ತಾವಾ?"

ಸಿಗಡಿ ಸುಲಿಯುವ ಶೆಡ್ಡಿನ ಬಾಗಿಲಲ್ಲೇ ಏಜೆಂಟ್ ಔಸೇಪ್ ಜೆಸಿಂತಳ ಬೋಗುಣಿಯನ್ನು ಕಾಲಿನಿಂದ ಆಚೆ ತಳ್ಳಿದ. ಮೊದಲು ಬಂದವರಿಗೆ ಬೋಗುಣಿ, ತಡವಾದವರಿಗೆ ಬೈಗುಳ. ಜೆಸಿಂತ ಅದನ್ನು ಎತ್ತಿಕೊಂಡು ಬಂದು ಐಸು ನೀರಿಗೆ ಕೈಯಿಟ್ಟಳು. ಗಂಡನ ಮಗ್ಗುಲಂತೆ! ಅದು ಹೇಗಿತ್ತೆಂಬುದೇ ಅವಳಿಗೆ ಮರೆತುಹೋಗಿತ್ತು.

ಅವಳ ಗಂಡ ಸೇವ್ಯರ್ ಮೀನಿಗೆ ಹೋಗುವ ಬೋಟು ಯಾವಾಗ ದಡಕ್ಕೆ ಬರುತ್ತದೆಂದು ಆ ಕಡಲಿಗೂ ಗೊತ್ತಿರಲಿಲ್ಲ. ಬಂದರೆ ಅವನು ಮನೆಗೆ, ಬೋಟಿನ ಸಿಗಡಿ ಶೆಡ್ಡಿಗೆ. ಹಿಂದೆಯೇ ಸುಲಿಯುವ ಹೆಂಗಸರನ್ನು ಕರೆಯಲು ಔಸೇಪನ ಮೊಪೆಡ್ಡು ರಬ್ಬರ್ ಹಾರನ್ ಒತ್ತುತ್ತ ಕೇರಿಗೆ: ಪೋಂ ಪೋಂ. ಗಂಡನನ್ನು ಮನೆಗೆ ತಂದ ಬೋಟೇ ಹೆಂಡತಿಯನ್ನು ಮನೆಯಿಂದ ಹೊರಡಿಸುತ್ತಿತ್ತು. ಹೊಸಿಲಲ್ಲಿ ಒಬ್ಬರಿಗೊಬ್ಬರು ದಾರಿ ಬಿಡುವುದೇ ಅವರ ಸಂಸಾರ. ನಾಲ್ಕು ವರ್ಷದ ಮಗಳು ಟಿಂಟು, ಗೊರಕೆ ಹೊಡೆಯುವ ಅಪ್ಪನ ಪಕ್ಕ ಕೂತು ಕಪ್ಪೆಚಿಪ್ಪುಗಳ ಜೊತೆ ಮಾತಾಡುತ್ತ ಅಮ್ಮನ ದಾರಿ ನೋಡುತ್ತಿದ್ದಳು.

ಮುಂದಿನ ಸಲ ಬೋಟು ಬಂದಾಗ ಮಟಮಟ ಮಧ್ಯಾಹ್ನ. ಜೆಸಿಂತ ಹಿತ್ತಿಲಲ್ಲಿ ಗಂಜಿ ಬಸಿಯುತ್ತಿದ್ದಳು. ಮುಂಬಾಗಿಲ ಚಿಲಕ ಬಿದ್ದ ಸದ್ದು ಕೇಳಿ ಒಳಗೆ ಬಂದರೆ, ಟಿಂಟು ಸ್ಟೂಲು ಹತ್ತಿ ಬಾಗಿಲಿಗೆ ಬೆನ್ನು ಕೊಟ್ಟು ನಿಂತಿದ್ದಳು. ಹೊರಗೆ ಸೇವ್ಯರನ ದನಿ.

"ಟಿಂಟೂ, ನಾನು ಕಣವ್ವ, ನಿಮ್ಮಪ್ಪ. ತೆಗಿ ಮಗಾ."

"ತೆಗ್ಯಲ್ಲ! ಬೋಟಿಗೇ ಹೋಗು!"

"ಜೆಸಿಂತಾ, ಕೂಸಿಗೆ ನನ್ ಗುರ್ತೇ ಮರ್ತೋಯ್ತೇನೇ?"

ಜೆಸಿಂತ ಮಗಳ ಗಲ್ಲ ಹಿಡಿದಳು. "ಯಾಕೆ ಚಿನ್ನಾ? ಅಪ್ಪ ಅಲ್ವಾ?"

"ಅಪ್ಪ ಒಳಗ್ ಬಂದ್ರೆ ಪೋಂ ಪೋಂ ಬತ್ತದೆ. ನೀನು ಹೊಂಟೋಯ್ತೀಯ."

ಜೆಸಿಂತ ಮಗುವನ್ನು ಎತ್ತಿಕೊಂಡು ಚಿಲಕ ತೆಗೆದಳು. ಎಲ್ಲ ಕೇಳಿಸಿಕೊಂಡಿದ್ದ ಸೇವ್ಯರ್ ಮೀನಿನ ಚೀಲ ಹಿಡಿದು ತಪ್ಪು ಮಾಡಿದವನಂತೆ ಹೊಸಿಲಾಚೆಯೇ ನಿಂತಿದ್ದ.

"ಬಾ ಚೇಟಾ. ಇವತ್ತು ಮೂರೂ ಜನ ಒಟ್ಟಿಗೆ ಉಣ್ಣಾನ."

ಮನೆಯಲ್ಲಿದ್ದದ್ದು ಎರಡೇ ತಟ್ಟೆ. ಮೂರನೆಯದು ಎಂದೂ ಬೇಕಾಗಿರಲಿಲ್ಲ. ಜೆಸಿಂತ ಮಡಕೆಯ ಮುಚ್ಚಳಕ್ಕೆ ಬಡಿಸಿಕೊಂಡು ಕೂತಳು.

ಪೋಂ ಪೋಂ.

ಟಿಂಟು ಅಳಲಿಲ್ಲ. ಎದ್ದುಹೋಗಿ ಅಮ್ಮನ ಚಪ್ಪಲಿ ತಂದು ಅವಳ ಕಾಲ ಬಳಿ ಜೋಡಿಸಿಟ್ಟಳು. ಅತ್ತಿದ್ದರೆ ಜೆಸಿಂತ ಸಮಾಧಾನ ಮಾಡಿ ಹೊರಡುತ್ತಿದ್ದಳೋ ಏನೋ. ಚಪ್ಪಲಿ ಬಿಟ್ಟು ಬರಿಗಾಲಲ್ಲೇ ಹೊರಗೆ ನಡೆದಳು.

"ನಡಿಯೇ, ಕೊಚ್ಚಿ ಲಾರಿ ಕಾಯ್ತಾ ಐತೆ," ಎಂದ ಔಸೇಪ್.

"ಉಂಡು ಬತ್ತೀನಿ."

"ಉಂಡು ಬತ್ತಾಳಂತೆ ಮಾರಾಣಿ! ನಿನ್ ಬೋಗುಣಿ ಕೆಲ್ಸ ಹುಡುಕ್ಕೊಂಡು ಬಂದಿರೋ ಬಂಗಾಳಿ ಹೆಣ್ಮಕ್ಕಳಿಗೆ ಕೊಡ್ತೀನಿ. ನಿನ್ ಮಗೀನ ಬಾಯಿಗೆ ಮಣ್ಣು ಹಾಕ್ಕೋ ಹೋಗು!" ಎಂದವನು ಅವಳ ಮುಖಕ್ಕೇ ಇನ್ನೊಮ್ಮೆ ಹಾರನ್ ಒತ್ತಿದ.

ಜೆಸಿಂತ ಐಸು ನೀರಲ್ಲಿ ಬಾತ ಎರಡೂ ಕೈಯಲ್ಲಿ ಆ ಹಾರನ್ ಹಿಡಿದು ತಿರುಚಿದಳು. ಕಟ್ಟಿದ್ದ ತಂತಿಯ ಸಮೇತ ಕಿತ್ತು ಬಂತು.

"ಇನ್ಮೇಲೆ ಬಾಯಲ್ಲಿ ಕೂಗ್ಕೊಂಡು ತಿರುಗೋ, ಬೋಳಿಮಗನೆ!"

ಕೇರಿಯ ಹೆಂಗಸರು ನಿಂತು ನೋಡಿದರು. ಔಸೇಪ್ ಮೊಪೆಡ್ಡು ತಿರುಗಿಸಿದ ಮೇಲೆ ಒಬ್ಬೊಬ್ಬರೇ ತಲೆ ತಗ್ಗಿಸಿ ಶೆಡ್ಡಿನ ಕಡೆ ಹೆಜ್ಜೆ ಹಾಕಿದರು. ಅವಳ ಜೊತೆ ಯಾರೂ ನಿಲ್ಲಲಿಲ್ಲ.

ಒಳಗೆ ಸೇವ್ಯರ್ ಕಲಸಿದ ತುತ್ತು ತಟ್ಟೆಯಲ್ಲೇ ಬಿಟ್ಟು ಗೋಡೆಗೊರಗಿ ನಿದ್ದೆ ಹೋಗಿದ್ದ. ಜೆಸಿಂತ ಹಾರನ್ನನ್ನು ಮಗಳ ಮಡಿಲಿಗೆ ಹಾಕಿ ಮುಚ್ಚಳದ ಮುಂದೆ ಕೂತಳು. ಅನ್ನ ತಣ್ಣಗಾಗಿತ್ತು. ಟಿಂಟು ಹಾರನ್ನನ್ನು ಹಿಂದೆ ಮುಂದೆ ತಿರುಗಿಸಿ ನೋಡಿ ಎರಡೂ ಕೈಯಲ್ಲಿ ಒತ್ತಿದಳು.

ಪೋಂ ಪೋಂ.

ಜೆಸಿಂತ ದಡಬಡಿಸಿ ಎದ್ದಳು. ಸೇವ್ಯರ್ ನಿದ್ದೆಗಣ್ಣಲ್ಲೇ ಕಾಲು ಮಡಚಿಕೊಂಡು ಅವಳಿಗೆ ದಾರಿ ಬಿಟ್ಟ.

"ಒತ್ತಿದ್ದು ನಾನು ಕಣಮ್ಮಾ," ಎಂದಳು ಟಿಂಟು. "ಕೂತ್ಕೊ."

ಜೆಸಿಂತಳ ಒಂದು ಕಾಲು ಆಗಲೇ ಚಪ್ಪಲಿಯಲ್ಲಿತ್ತು.